ಸೋತ ಮನೆಗೆ ಬಂದ ಪಾತ್ರೆಗಳು

ವಾಷಿಂಗ್ಟನ್ನಿನಿಂದ ಜಡ್ಜ್ ಆಂಬ್ರೋಸ್ ಟಾಲಿಯವರು ಜಾರ್ಜಿಯಾದ ತಮ್ಮ ಊರಿಗೆ ಮರಳಿದಾಗ ಮನೆಯ ಜಗುಲಿಯ ತುಂಬ ಪಾತ್ರೆಗಳು. ಹುರಿದ ಕೋಳಿ, ಹಂದಿ ತೊಡೆಯ ಮಾಂಸ, ಬೇಯಿಸಿದ ಮೊಟ್ಟೆ, ಬಗೆಬಗೆಯ ಕೇಕು. ಆ ಊರಿನಲ್ಲಿ ಸಾವಾದ ಮನೆಗೆ ಹೀಗೆ ಅಡುಗೆ ಬರುವುದು ವಾಡಿಕೆ.

“ಯೂಲಾ, ಯಾರು ಹೋದ್ರೇ?” ಎಂದರು ಗಾಬರಿಯಿಂದ.

“ನೀವೇ ಕಣ್ರೀ,” ಎಂದಳು ಹೆಂಡತಿ. “ನೀವು ಸೋತದ್ದು ರೇಡಿಯೋದಲ್ಲಿ ಬಂತು. ಸೋತವರ ಮನೆಗೆ ಏನು ಒಯ್ಯಬೇಕೋ ಯಾರಿಗೆ ಗೊತ್ತು? ಗೊತ್ತಿರೋದನ್ನ ಮಾಡಿದ್ದಾರೆ. ಕೂತ್ಕೊಳ್ಳಿ. ತನ್ನ ಸಾವಿನೂಟ ತಾನೇ ಉಣ್ಣೋ ಪುಣ್ಯ ಎಷ್ಟು ಜನಕ್ಕೆ ಸಿಗುತ್ತೆ?”

ಜಡ್ಜರಿಗೆ ನಗು ಬರಲಿಲ್ಲ. ಇಷ್ಟು ವರ್ಷ ಫೆಡರಲ್ ಕೋರ್ಟಿನಲ್ಲಿ ಕುಳಿತು ನ್ಯಾಯ ಹೇಳಿದವರು ಅವರು. ಅಧ್ಯಕ್ಷರು ಸುಪ್ರೀಂ ಕೋರ್ಟಿಗೆ ಹೆಸರಿಸಿದಾಗ ಇಡೀ ಚರ್ಚು ಅವರಿಗಾಗಿ ಪ್ರಾರ್ಥಿಸಿತ್ತು. ಆದರೆ ಆ ನೇಮಕಕ್ಕೆ ಒಪ್ಪಿಗೆ ಕೊಡಬೇಕಾದ ಸೆನೆಟರುಗಳು ಹಳೆಯ ತೀರ್ಪೊಂದನ್ನು ಕೆದಕಿದರು. ಅಣೆಕಟ್ಟಿಗೆಂದು ಸರ್ಕಾರ ವಿಡೆಲ್ಲಾ ಪ್ರೂಯಿಟ್ ಎಂಬ ವಿಧವೆಯ ಪೆಕನ್ ಎಂಬ ಬೀಜದ ಮರಗಳ ತೋಪನ್ನು ತೆಗೆದುಕೊಂಡಾಗ ಕಾನೂನು ಸರ್ಕಾರದ ಕಡೆಗಿದೆ ಎಂದಿದ್ದರು ಇವರು. ‘ಮುದುಕಿಯನ್ನು ಬೀದಿಗೆ ತಳ್ಳಿದವ’ ಎಂದರು ಸೆನೆಟರುಗಳು. ಉತ್ತರಿಸಲು ಬಾಯಿ ತೆರೆದಾಗಲೆಲ್ಲ ಮಧ್ಯೆ ತಡೆದರು. ಮತಕ್ಕೆ ಹಾಕಿದಾಗ ಇವರು ಸೋತರು.

“ಸೋಮವಾರ ಇಲ್ಲಿನ ಕೆಲಸಕ್ಕೂ ರಾಜೀನಾಮೆ ಕೊಡ್ತೀನಿ. ಇನ್ನು ಯಾವ ಮುಖ ಇಟ್ಕೊಂಡು ಆ ಪೀಠದ ಮೇಲೆ ಕೂರ್ಲಿ?”

“ಕೊಡಿ. ಅದಕ್ಕೆ ಮುಂಚೆ ಪಾತ್ರೆಗಳನ್ನ ಕೊಟ್ಟು ಬನ್ನಿ. ಖಾಲಿ ಕೊಡಬೇಡಿ ಮತ್ತೆ. ಹಿತ್ತಲಲ್ಲಿ ಅಂಜೂರ ಉದುರಿ ಹಾಳಾಗ್ತಿದೆ.”

ಪ್ರತಿ ಪಾತ್ರೆಯ ತಳದಲ್ಲಿ ಒಂದು ಅಂಟುಪಟ್ಟಿ, ಅದರ ಮೇಲೆ ಮನೆಯವರ ಹೆಸರು. ಶನಿವಾರವೆಲ್ಲ ಜಡ್ಜರು ಮನೆಮನೆ ತಿರುಗಿದರು. ಕೊನೆಗೆ ಉಳಿದದ್ದು ಅಂಚು ಸವೆದ ನೀಲಿ ತಟ್ಟೆ. ಅದರಲ್ಲಿದ್ದ ಪೀಚ್ ಹಣ್ಣಿನ ಸಿಹಿಯನ್ನು ಅವರು ಎರಡು ಸಲ ಕೇಳಿ ಹಾಕಿಸಿಕೊಂಡಿದ್ದರು. ಮಗುಚಿ ನೋಡಿದರು: ವಿ. ಪ್ರೂಯಿಟ್. ತಟ್ಟೆಗೆ ಅಂಜೂರ ತುಂಬಿಕೊಂಡು ಹೊರಟರು.

ಅಣೆಕಟ್ಟಿನ ಕೆರೆಯಂಚಿನ ಹೊಸ ಮನೆಯ ಮುಂದೆ ಮುದುಕಿ ಮೀನು ಹೆರೆಯುತ್ತಿದ್ದಳು.

“ಬನ್ನಿ ಜಡ್ಜರೇ. ಸಿಹಿ ಹೇಗಿತ್ತು?”

“ಬಹಳ ಚೆನ್ನಾಗಿತ್ತಮ್ಮ. ಆದ್ರೆ... ನೀವು ಕಳಿಸಿದ್ರಾ? ನನಗೆ?”

“ನಿಮ್ಮ ಮೇಲೆ ಸಿಟ್ಟಿಲ್ಲ ಅಂದ್ಕೋಬೇಡಿ. ಈ ನೀರಿನ ಅಡಿ ನನ್ನ ಮರಗಳಿವೆ. ಎರಡು ವರ್ಷ ನಿಮ್ಮನ್ನ ಬೈಕೊಂಡೇ ಪ್ರಾರ್ಥನೆ ಶುರು ಮಾಡ್ತಿದ್ದೆ. ದೇವರಿಗೂ ಸಾಕಾಗಿರಬೇಕು.” ಆಕೆ ಚಾಕು ಒರೆಸಿದಳು. “ಆದ್ರೆ ಅವತ್ತು ನಿಮ್ಮ ಕೋರ್ಟಲ್ಲಿ ಒಂದೊಂದು ಮರದ ಕಥೆ ಹೇಳಿದೆ. ನೆಟ್ಟವರು ಯಾರು, ಸಿಡಿಲು ಹೊಡೆದದ್ದು ಯಾವುದಕ್ಕೆ, ಎಲ್ಲಾ. ಸರ್ಕಾರದ ವಕೀಲ ಸಾಕು ಅಂದ. ನೀವು ಏನಂದ್ರಿ?”

“ಅವರು ಮುಗಿಸಲಿ ಅಂದೆ.”

“ಅಷ್ಟೇ. ಅಲ್ಲಿ ವಾಷಿಂಗ್ಟನ್ನಲ್ಲಿ ನಿಮಗೆ ಮುಗಿಸೋಕೆ ಬಿಟ್ರಾ?”

“ಇಲ್ಲಮ್ಮ.”

“ರೇಡಿಯೋದಲ್ಲಿ ಕೇಳ್ದೆ. ತೀರ್ಪು ತಪ್ಪು ಅಂತ ಈಗಲೂ ಹೇಳ್ತೀನಿ. ಆದ್ರೆ ನಾಳೆ ಇನ್ಯಾವಳೋ ತನ್ನ ಮರ ಹಿಡ್ಕೊಂಡು ಬಂದ್ರೆ, ಅವಳ ಮಾತು ಯಾರು ಕೇಳ್ತಾರೆ?”

ಜಡ್ಜರು ಅಂಜೂರದ ತಟ್ಟೆಯನ್ನು ಆಕೆಯ ಕೈಗಿತ್ತು ನೀರಿನ ಕಡೆ ನೋಡಿದರು. ಸಂಜೆಯ ಬೆಳಕು ಅದರ ಮೇಲೆ ಪ್ರಾರ್ಥನೆಯಂತೆ ಹರಡಿತ್ತು. ಮುದುಕಿ ಅಂಜೂರವೊಂದನ್ನು ಕಚ್ಚಿ ಮುಖ ಸಿಂಡರಿಸಿದಳು.

“ಹುಳಿಯಾಗಿದೆ. ಹೋಗಲಿ ಬಿಡಿ. ನೀವು ನಿಜವಾಗಿ ಸತ್ತಾಗಲೂ ಈ ತಟ್ಟೆಯಲ್ಲೇ ತರ್ತೀನಿ. ಅಲ್ಲೀವರೆಗೆ ಕೆಲಸಕ್ಕೆ ಹೋಗಿ.”

ವಾರವಿಡೀ ನಗದಿದ್ದ ಜಡ್ಜರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೋಮವಾರ ಬೆಳಿಗ್ಗೆ ಕಪ್ಪು ನಿಲುವಂಗಿ ತೊಟ್ಟು, ಎಂದಿನ ಪೀಠದಲ್ಲಿ ಕುಳಿತು, ಮೊದಲ ಕಕ್ಷಿದಾರನಿಗೆ, “ಹೇಳಪ್ಪ, ನಿಧಾನಕ್ಕೆ ಹೇಳು,” ಎಂದರು.