ಮರುಳಪ್ಪ ಮೇಷ್ಟ್ರು ಸೇರಿಸಿದ ಬಸ್ಸು

ಬಿಳಿಗೆರೆಯ ಮರುಳಪ್ಪ ಮೇಷ್ಟ್ರಿಗೆ ಜನ್ಮದಲ್ಲಿ ಹಿಡಿಸಿದ್ದು ಒಂದೇ ಒಂದು ಇಂಗ್ಲಿಷ್ ಸಿನಿಮಾ. ಎಪ್ಪತ್ತೊಂಬತ್ತರಲ್ಲಿ ತರಬೇತಿಗೆಂದು ಬೆಂಗಳೂರಿಗೆ ಹೋದವನು ಮಳೆ ಬಂತೆಂದು ಒಂದು ಟಾಕೀಸಿಗೆ ನುಗ್ಗಿ, ಆಮೇಲೆ ಮಳೆ ಇಲ್ಲದೆಯೂ ಎರಡು ಸಲ ನುಗ್ಗಿದ. ತರಬೇತಿಯಲ್ಲಿ ಏನು ಕಲಿತನೋ ಶಿವನೇ ಬಲ್ಲ. ಊರಿಗೆ ಬಂದಮೇಲೆ ಸಿನಿಮಾದ್ದೇ ಪಾರಾಯಣ.

ಸಿನಿಮಾದ ಕತೆ ಇಷ್ಟು: ಮುಂದೆಂದೋ ಬರಲಿರುವ ಕಾಲ. ಮರ ಗಿಡ ಒಂದೂ ಇಲ್ಲದ ಪಟ್ಟಣ. ಬೆಳಗಾದರೆ ಪ್ರತಿಯೊಬ್ಬರೂ ಒಂದು ಯಂತ್ರದ ಹಲಗೆಯ ಮೇಲೆ ಅಂಗೈ ಒತ್ತಬೇಕು. ದುಡಿದದ್ದಕ್ಕಿಂತ ತಿಂದದ್ದು ಹೆಚ್ಚಾಯಿತೆಂದು ಯಂತ್ರ ಹೇಳಿದರೆ ಅವರ ಮನೆ ಬಾಗಿಲ ಮೇಲೆ ಹಳದಿ ದೀಪ ಹತ್ತುತ್ತದೆ. ಮಾರನೆಯ ದಿನ ಅವರು ತಾವೇ ಎದ್ದು, ಮತ್ತೆ ಬಾರದಂತೆ ನಡೆದುಹೋಗುತ್ತಾರೆ. ಯಾರೂ ಎಳೆದೊಯ್ಯುವುದಿಲ್ಲ, ಯಾರೂ ಅಳುವುದಿಲ್ಲ. ಒಬ್ಬ ಮುದುಕ ಹೊರಡುವ ಮುಂಚೆ ತನ್ನ ಲೋಟ ತೊಳೆದು, ಒಣಗಲೆಂದು ಬೋರಲು ಹಾಕಿ, ಬಾಗಿಲು ಮುಂದಕ್ಕೆಳೆದುಕೊಂಡು ಹೋಗುತ್ತಾನೆ. ಆ ಲೋಟ ನೋಡಲೆಂದೇ ಮರುಳಪ್ಪ ಮತ್ತೆರಡು ಸಲ ಟಿಕೀಟು ಕೊಂಡಿದ್ದ. ಇಷ್ಟು ಸಣ್ಣದರಲ್ಲಿ ಇಷ್ಟು ದೊಡ್ಡದನ್ನು ಹೇಳಿದ್ದಾನಲ್ಲ ಸಿನಿಮಾ ತೆಗೆದ ಪುಣ್ಯಾತ್ಮ ಎಂದು ಕಂಡಕಂಡವರ ಮುಂದೆ ಹೊಗಳುತ್ತಿದ್ದ.

ಆ ವರ್ಷದ ಕೊನೆಗೆ, ಅಟ್ಟದ ಮೇಲೆ ವರ್ಷ ಕಳೆದಿದ್ದ ಕಾಯಿ ಇಳಿಸಿ ಕೊಬ್ಬರಿ ಬಿಡಿಸುವ ದಿನ ಅಂಗಳದಲ್ಲಿ ಏಳೆಂಟು ಹೆಂಗಸರು ಕೂತಿದ್ದರು. ಅವರ ನಡುವೆ ಮರುಳಪ್ಪನ ಸೋದರತ್ತೆ ಶಿವರುದ್ರಮ್ಮ. ಚಿಕ್ಕ ವಯಸ್ಸಿಗೇ ಗಂಡ ಸತ್ತು ತವರಿಗೆ ಬಂದವಳು. ತಾಯಿಲ್ಲದ ಮರುಳಪ್ಪನನ್ನು ಸಾಕಿದವಳು. ಕಣ್ಣಿಗೆ ಪೊರೆ ಬಂದು ಎಲ್ಲ ಮಸುಕಾಗಿದ್ದರೂ ಕಾಯಿ ಅಲ್ಲಾಡಿಸಿ ಒಳಗಿನ ಕೊಬ್ಬರಿ ಗಿಟುಕು ಒಣಗಿದೆಯೋ ಇಲ್ಲವೋ ಹೇಳುವುದರಲ್ಲಿ ಅವಳೇ ಕೊನೆಯ ಮಾತು.

ಮೇಷ್ಟ್ರು ಕತೆ ಶುರುಮಾಡಿದ. ಮುದುಕ ಸುಮ್ಮನೆ ನಡೆದುಹೋದ ಎಂದಾಗ ಪಕ್ಕದ ಮನೆಯ ಮುದುಕಿ ರಂಗಕ್ಕ ಆಕಳಿಸಿದಳು. ಕತೆ ಹೇಳುವವನಿಗೆ ಆಕಳಿಕೆಗಿಂತ ದೊಡ್ಡ ಬೈಗುಳ ಉಂಟೇ? ಮರುಳಪ್ಪ ಉಪ್ಪುಖಾರ ಹಚ್ಚಿದ. "ಆಗ ಒಂದು ಬಿಳೀ ಬಸ್ ಬತ್ತದೆ. ಬಿಳೀ ಕೋಟ್ ಹಾಕ್ಕಂಡೋರು ಇಳೀತಾರೆ. ವಯಸ್ಸಾದೋರ ಹೆಸ್ರು ಬರ್ಕಂತಾರೆ. ಒಳ್ಳೇದಾಗ್ತದೆ ಬಾ ಅಜ್ಜಿ ಅಂತ ನಗ್ತಾ ಕೈ ಹಿಡಿದು ಹತ್ತಿಸ್ಕಂತಾರೆ. ಹೋದೋರು ಹೋದ್ರು!"

ಹೆಂಗಸರ ಕೈಯ ಮಚ್ಚುಗಳು ಅಲ್ಲಲ್ಲೇ ನಿಂತವು. ಮರುಳಪ್ಪನಿಗೆ ಸ್ವರ್ಗ ಮೂರೇ ಗೇಣು.

ಮಾರನೆಯ ದಿನದಿಂದ ಶಿವರುದ್ರಮ್ಮ ಎಲ್ಲರಿಗಿಂತ ಮೊದಲು ಎದ್ದು, ತಡವರಿಸುತ್ತಲೇ ಕೊಟ್ಟಿಗೆ ಬಾಚತೊಡಗಿದಳು. ಅದು ಮರುಳಪ್ಪನ ಕೆಲಸವಾಗಿತ್ತು. ಹೆಂಡತಿ ಸರ್ವಮಂಗಳ ಒಂದು ದಿನ ಹೇಳಿದಳು: "ಅತ್ತೆಮ್ಮ ಅರ್ಧ ಮುದ್ದೆಗೇ ಕೈ ತೊಳೀತಾರೆ ಕಣ್ರೀ. ಕೇಳಿದ್ರೆ ಹಸಿವಿಲ್ಲ ಅಂತಾರೆ."

"ವಯಸ್ಸಾಯ್ತು, ಅರಗಲ್ಲ ಬುಡು," ಎಂದ ಮರುಳಪ್ಪ. ಅರ್ಧ ಗಂಟೆ ಹೆಚ್ಚು ಮಲಗುವುದು ಅವನಿಗೆ ಹಿತವಾಗಿತ್ತು.

ಎಂಬತ್ತರ ಬೇಸಿಗೆಯಲ್ಲಿ ತಿಪಟೂರಿನಲ್ಲಿ ಕಣ್ಣಿನ ಶಿಬಿರ ನಡೆಯಿತು. ಪುಕ್ಕಟೆ ಆಪರೇಷನ್, ಪುಕ್ಕಟೆ ಕನ್ನಡಕ. ಹಳ್ಳಿಯ ಮುದುಕರನ್ನು ಕರೆದೊಯ್ಯಲು ಬಸ್ಸು ಬಂತು. ಬಿಳಿ ಬಸ್ಸು. ಬಿಳಿ ಕೋಟಿನವರು ಇಳಿದು ಹೆಸರು ಬರೆದುಕೊಂಡರು. ಶಿವರುದ್ರಮ್ಮನ ಹೆಸರನ್ನು ಮರುಳಪ್ಪನೇ ಬರೆಸಿದ. ಆದರೆ ಶಿವರುದ್ರಮ್ಮನೇ ನಾಪತ್ತೆ. ಬಾವಿ ಇಣುಕಿದರು, ತೋಟ ಸುತ್ತಿದರು. ಕಾದು ಕಾದು ಬಸ್ಸು ರಂಗಕ್ಕನನ್ನು ಹತ್ತಿಸಿಕೊಂಡು ಹೋಯಿತು. ಸಂಜೆ ಅಟ್ಟದ ಕಾಯಿರಾಶಿಯ ಹಿಂದಿನಿಂದ, ಮೈಯೆಲ್ಲ ಹೊಗೆಮಸಿ ಮಾಡಿಕೊಂಡು ಶಿವರುದ್ರಮ್ಮ ಏಣಿ ಇಳಿದು ಬಂದಳು. ಬಂದವಳೇ ಕೊಟ್ಟಿಗೆಗೆ ನಡೆದಳು.

ಮರುಳಪ್ಪ ಆಗ ಮಾಡಿದ್ದೇನು? ನಕ್ಕ. ನನ್ನ ಕತೆ ಹೆಂಗೆ ನಾಟಿದೆ ನೋಡ್ರಿ ಎಂದು ಸ್ಕೂಲಿನಲ್ಲಿ ಹೇಳಿಕೊಂಡು ಮೆರೆದ. ಮುಂದಿನ ವರ್ಷ ಶಿಬಿರ ಬರುತ್ತದಲ್ಲ, ಆಗ ತೋರಿಸಿದರಾಯಿತು ಎಂದುಕೊಂಡ. ನಡುವೆ ಪರೀಕ್ಷೆ ಬಂತು, ಕಾಯಿ ಕೆಡವಿಸುವುದು ಬಂತು. ಶಿವರುದ್ರಮ್ಮ ತಲೆನೋವೆಂದು ಹಣೆಗೆ ಬಟ್ಟೆ ಬಿಗಿದುಕೊಂಡು ಓಡಾಡಿದಳು. ಕನ್ನಡಕದ ರಂಗಕ್ಕ ಹಾದಿಬೀದಿಯಲ್ಲೆಲ್ಲ ಮರಿಮಗುವಿನ ಮೂಗಿನ ಮಚ್ಚೆ ಕಂಡಿತೆಂದು ಸಾರುತ್ತಿದ್ದಳು.

ಮರುವರ್ಷ ಮರುಳಪ್ಪ ತಾನೇ ಕೈಹಿಡಿದು ಶಿಬಿರಕ್ಕೆ ಕರೆದುಕೊಂಡು ಹೋದ. ಅಷ್ಟರಲ್ಲಿ ಅವಳಿಗೆ ಹಗಲೂ ಇರುಳೂ ಒಂದೇ ಆಗಿತ್ತು. ಡಾಕ್ಟರು ಟಾರ್ಚು ಬಿಟ್ಟು ಎರಡೂ ಕಣ್ಣು ನೋಡಿದರು. "ಪೊರೆ ಮಾಗಿ ಒಳಗೆ ಒತ್ತಡ ಏರಿದೆ, ಮೇಷ್ಟ್ರೇ. ನರ ಸತ್ತಿದೆ. ಹೋದ ವರ್ಷವೇ ಬಂದಿದ್ರೆ ಚೆನ್ನಾಗಿ ಕಾಣ್ತಿತ್ತು. ಈಗ ಏನೂ ಮಾಡೋಕಾಗಲ್ಲ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಮರುಳಪ್ಪ ಸ್ಕೂಲಿನ ಮಕ್ಕಳಿಗೆ ನೂರು ಸಲ ಕಾಪಿ ಬರೆಸಿದ್ದ. ಬರೆಸುವುದು ಸುಲಭ. ಶಿಬಿರದ ಹೊರಗೆ ಬೇವಿನ ನೆರಳಲ್ಲಿ ಅತ್ತೆಯನ್ನು ಕೂರಿಸಿ, ನೀರು ಕುಡಿಸಿ, ಪಕ್ಕದಲ್ಲಿ ಕುಕ್ಕರಿಸಿದ.

"ಅತ್ತೆ, ತಪ್ಪು ನಂದು. ಆ ಸಿನಿಮಾದಲ್ಲಿ ಬಸ್ಸೇ ಇರ್ಲಿಲ್ಲ. ಬಿಳೀ ಕೋಟಿನೋರೂ ಇರ್ಲಿಲ್ಲ. ರಂಗಕ್ಕ ಆಕಳಿಸಿದ್ಲು ಅಂತ ನಾನೇ ಸೇರಿಸ್ದೆ."

ಶಿವರುದ್ರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬಸ್ಸಿನ ಮಾತು ಬುಡು ಮಗ. ದುಡಿಯಾದ್ಕಿಂತ ಉಣ್ಣಾದು ಜಾಸ್ತಿ ಆದೋರು ಮನೆ ಬುಟ್ಟು ಹೋಗಾದು, ಅದು ಇತ್ತಾ?"

"ಅದು... ಇತ್ತು."

"ಅದ್ನೇ ಅಲ್ವಾ ನೀನು ನಂಗೆ ಹೇಳಿದ್ದು? ಬಾಯಿಬುಟ್ಟು ಹೇಳಕ್ಕೆ ಸಂಕೋಚ, ಅದ್ಕೇ ಸಿನಿಮಾ ಅಂತ ಸುತ್ತಿ ಹೇಳ್ದೆ ಅನ್ಕಂಡೆ. ಬ್ಯಾಸರ ಇಲ್ಲ ಕಣಪ್ಪ. ಆದ್ರೆ ಹೋಗಕ್ಕೆ ಭಯ ಆಯ್ತು. ಅದ್ಕೇ ಕೈಲಾದಷ್ಟು ಗೇದು, ಕಮ್ಮಿ ಉಂಡೆ."

ಅಲ್ಲ ಎಂದು ಕೂಗಬೇಕೆನಿಸಿತು ಮರುಳಪ್ಪನಿಗೆ. ಒಂದೂವರೆ ವರ್ಷ ಅವಳು ಬಾಚಿದ ಕೊಟ್ಟಿಗೆ, ತಾನು ಹಿತವಾಗಿ ಮಲಗಿದ ಬೆಳಗುಗಳು ಕಣ್ಣಿಗೆ ಕಟ್ಟಿದವು. ಕೊನೆಗೆ, "ಅಲ್ಲತ್ತೆ, ನಿನ್ನಾಣೆ, ನಾನು ಹಂಗೆ ಹೇಳ್ಲಿಲ್ಲ," ಎಂದ. ತನ್ನ ದನಿ ತನಗೇ ಕಳ್ಳನ ದನಿಯಂತೆ ಕೇಳಿಸಿತು.

ಅವಳ ಕೈ ಗಾಳಿಯಲ್ಲಿ ತಡಕಾಡಿ ಅವನ ತಲೆ ಹುಡುಕಿಕೊಂಡಿತು. ಚಿಕ್ಕಂದಿನಲ್ಲಿ ಅವನು ಬೆಲ್ಲ ಕದ್ದು ಇಲ್ಲವೆಂದಾಗ ಸವರುತ್ತಿದ್ದ ಹಾಗೆಯೇ ಸವರಿದಳು.

"ಆಯ್ತು ಬುಡು ಮಗ," ಎಂದಳು. "ನೀನು ಹೇಳ್ಲಿಲ್ಲ."