ಗರಗರ ಎನ್ನುವ ಸ್ವಿಸ್ ವಾಚು

ನಾನು ಒಂದು ಕೈಗಡಿಯಾರ. ನನ್ನ ಮುಖದ ಮೇಲೆ ಸ್ವಿಟ್ಜರ್‌ಲೆಂಡಿನ ದೊಡ್ಡ ಮನೆತನವೊಂದರ ಹೆಸರಿದೆ. ಆ ಮನೆಯ ಹೊಸ್ತಿಲನ್ನೂ ನಾನು ಕಂಡವನಲ್ಲ. ನನ್ನನ್ನು ಹೆತ್ತದ್ದು ಚೀನಾದ ಒಂದು ಕಾರ್ಖಾನೆ. ಹೊಟ್ಟೆಯೊಳಗಿನ ಮಷೀನೂ ಅಲ್ಲಿಯದೇ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂದು ನೀವು ನಗಬಹುದು. ನಗಿ. ನಾನೂ ಜೀವನದಲ್ಲಿ ಸಾಕಷ್ಟು ನಕ್ಕಿದ್ದೇನೆ.

ನಕಲು ವಾಚುಗಳಲ್ಲೂ ಮೇಲುಕೀಳು ಉಂಟು. ಕೆಲವರಿಗೆ ಮೈಯಷ್ಟೇ ನಕಲು, ಒಳಗೆ ಸ್ವಿಸ್ ಮಷೀನನ್ನೇ ಕೂರಿಸಿರುತ್ತಾರೆ. ನನ್ನಂಥವರಿಗೆ ಒಳಗೂ ಏಷ್ಯಾದ್ದೇ. ಬೆಂಗಳೂರಿನ ಒಂದು ಗಲ್ಲಿಯ ಅಂಗಡಿಯಲ್ಲಿ ಅಂಥ ಒಬ್ಬ ಸ್ವಿಸ್ ಹೊಟ್ಟೆಯವನು ನನ್ನ ಪಕ್ಕದಲ್ಲೇ ಕೂತಿದ್ದ. ಅವನ ಸೆಕೆಂಡಿನ ಮುಳ್ಳು ಜಾರಿಕೊಂಡು ಹೋಗುತ್ತಿತ್ತು, ನನ್ನದು ಸಣ್ಣಗೆ ಕುಂಟುತ್ತಿತ್ತು. ಅವನ ತಾರೀಕು ಟಪ್ಪನೆ ಬದಲಾಗುತ್ತಿತ್ತು. ನನ್ನದು ಮಂಚದಿಂದ ಇಳಿಯುವ ಮುದುಕನ ಹಾಗೆ ಬಹಳ ಹೊತ್ತು ತೆಗೆದುಕೊಳ್ಳುತ್ತಿತ್ತು. ಇನ್ನು ಸದ್ದಿನ ವಿಷಯ. ನಮ್ಮಿಬ್ಬರಿಗೂ ಬೆನ್ನ ಹಿಂದೆ ಅರ್ಧಚಂದ್ರದ ಆಕಾರದ ಒಂದು ತೂಕ ಇರುತ್ತದೆ. ಕಟ್ಟಿಕೊಂಡವರ ಕೈ ಆಡಿದಂತೆ ಅದು ತಿರುಗಿ ತಾನೇ ಕೀ ತುಂಬುತ್ತದೆ. ಅವನದು ತಿರುಗಿದರೆ ಗೊತ್ತೇ ಆಗುತ್ತಿರಲಿಲ್ಲ. ನನ್ನದು ಮಾತ್ರ ಗರಗರ ಎನ್ನುತ್ತಿತ್ತು. ಅದಕ್ಕೇ ಅವನು ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ತಿಪಟೂರಿನ ಷಡಕ್ಷರಪ್ಪನವರು ಅಂಗಡಿಗೆ ಬಂದರು. ಅವರದು ಹಿಟ್ಟಿನ ಗಿರಣಿ. ಹಿರಿಯ ಮಗಳು ನೀಲಾಂಬಿಕೆಯ ನಿಶ್ಚಿತಾರ್ಥ ಹತ್ತಿರವಿತ್ತು. ಅಳಿಯನಿಗೆ ಸ್ವಿಸ್ ವಾಚನ್ನೇ ಕಟ್ಟುತ್ತೇನೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅಂಗಡಿಯವನು ನಮ್ಮಿಬ್ಬರನ್ನೂ ಮುಂದಿಟ್ಟು ಏನೋ ವಿವರಿಸಲು ಬಾಯಿ ತೆರೆದ. ಷಡಕ್ಷರಪ್ಪನವರು ಕೈ ಎತ್ತಿ ತಡೆದರು. ನನ್ನ ಪಕ್ಕದವನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಮುಖ ಸಿಂಡರಿಸಿದರು. ನನ್ನನ್ನು ಅಲ್ಲಾಡಿಸಿದರು, ಮುಖ ಅರಳಿತು.

"ಮಷೀನು ಅಂದ್ರೆ ಇದು ಕಣಯ್ಯ! ಮೂವತ್ತು ವರ್ಷದಿಂದ ಗಿರಣಿ ನಡೆಸ್ತಾ ಇವ್ನಿ. ಸದ್ದು ಕೇಳಿದ್ರೆ ಸಾಕು, ಯಾವುದು ಗಟ್ಟಿ ಯಾವುದು ಪೊಳ್ಳು ಅಂತ ಹೇಳ್ತೀನಿ. ಇದೇ ಸ್ವಿಸ್ಸು, ಇದನ್ನೇ ಕಟ್ಟು."

ಅಂಗಡಿಯವನು ತೆರೆದ ಬಾಯನ್ನು ಮುಚ್ಚಿಕೊಂಡ. ಗಿರಾಕಿಯ ಸಂತೋಷ ಕೆಡಿಸುವುದು ವ್ಯಾಪಾರವಲ್ಲ ಎಂದು ಅವನಿಗೆ ಗೊತ್ತಿತ್ತು. ಸ್ವಿಸ್ ಹೊಟ್ಟೆಯವನ ಮುಖ ನೀವು ನೋಡಬೇಕಾಗಿತ್ತು!

ಹೀಗೆ ನಾನು ಅಳಿಯ ಹಾಲೇಶಪ್ಪನವರ ಕೈ ಸೇರಿದೆ. ಅವರು ಅರಸೀಕೆರೆಯ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ನನ್ನಂಥವನಿಗೆ ಅದಕ್ಕಿಂತ ಒಳ್ಳೆಯ ಕೈ ಸಿಗಲಾರದು. ಬೆಳಗಿನ ಡ್ರಿಲ್ಲು, ಸಂಜೆಯ ಖೋಖೋ, ನಡುವೆ ಬಿಸಿಲಲ್ಲಿ ಚೆಂಡಾಟ. ಆ ಕೈ ಸುಮ್ಮನಿದ್ದದ್ದೇ ಇಲ್ಲ, ನನ್ನ ಹೊಟ್ಟೆ ಹಸಿದದ್ದೂ ಇಲ್ಲ. ಅವರು ಸೀಟಿ ಊದಿದರೆ ನಾನು ಗರಗರ ಎಂದು ದನಿಗೂಡಿಸುತ್ತಿದ್ದೆ.

ಮದುವೆಯಾದ ಹೊಸದರಲ್ಲಿ ನನ್ನ ಪಟ್ಟಿ ಸಡಿಲವಾಯಿತು. ರಿಪೇರಿ ಅಂಗಡಿಯವನು ಗರಗರ ಕೇಳಿ ಅನುಮಾನಗೊಂಡು ನನ್ನ ಬೆನ್ನು ಬಿಚ್ಚಿ ನೋಡಿ, "ಮೇಷ್ಟ್ರೇ, ಇದು ಸ್ವಿಸ್ ಅಲ್ಲ, ಒಳಗೆಲ್ಲ ಚೀನಾ ಮಾಲು" ಎಂದ. ನನಗೆ ಜೀವ ಹಾರಿಹೋಯಿತು. ಹಾಲೇಶಪ್ಪನವರು ಬಾಗಿ ನನ್ನ ತೆರೆದ ಬೆನ್ನನ್ನು ನೋಡಿದರು. ಆಮೇಲೆ, "ಮುಚ್ಚಪ್ಪ. ನಮ್ಮ ಮಾವ ಕಟ್ಟಿದ್ದು. ಈ ಮಾತು ನಿನ್ನಲ್ಲೇ ಇರಲಿ" ಎಂದರು. ಹೆಂಡತಿಗೂ ಹೇಳಲಿಲ್ಲ. ಆವತ್ತಿನಿಂದ ನನಗೆ ಅವರ ಮೇಲೆ ಎಷ್ಟು ಪ್ರೀತಿ ಎಂದು ಹೇಳಲಾರೆ.

ಕೆಲವು ವರ್ಷಗಳಾದ ಮೇಲೆ ಷಡಕ್ಷರಪ್ಪನವರು ಕಿರಿಯ ಮಗಳನ್ನು ರುದ್ರಮುನಿ ಎಂಬುವರಿಗೆ ಕೊಟ್ಟರು. ಹಡಗಿನಲ್ಲಿ ಎಂಜಿನಿಯರ್. ಅವರ ಕೈಯಲ್ಲಿ ಆಗಲೇ ಒಂದು ವಾಚಿತ್ತು: ಅದೇ ಮುಖ, ಅದೇ ಹೆಸರು. ವ್ಯತ್ಯಾಸವೆಂದರೆ ಅದು ನಿಜವಾಗಿಯೂ ಸ್ವಿಟ್ಜರ್‌ಲೆಂಡಿನದು. "ನೋಡ್ರಪ್ಪ, ಇಬ್ಬರು ಅಳಿಯಂದಿರಿಗೂ ಒಂದೇ ವಾಚು!" ಎಂದು ಷಡಕ್ಷರಪ್ಪನವರು ಹಿಗ್ಗಿ, ಕಿರಿಯ ಅಳಿಯನಿಗೆ ಬರೀ ಉಂಗುರ ತೊಡಿಸಿದರು. ಹಾಲೇಶಪ್ಪನವರ ಎದೆಯಲ್ಲಿ ಅಂದೇ ಅವಲಕ್ಕಿ ಕುಟ್ಟತೊಡಗಿತು. ಎರಡನ್ನೂ ಯಾರಾದರೂ ಒಟ್ಟಿಗಿಟ್ಟು ನೋಡಿದರೆ ಮಾವನ ಗತಿಯೇನು?

ಆ ದಿನ ಬಂದೇ ಬಂತು. ಹೊಸ ಅಳಿಯನ ಮೊದಲ ದೀಪಾವಳಿ. ತಿಪಟೂರಿನ ಮನೆಯಲ್ಲಿ ಎಣ್ಣೆ ಸ್ನಾನದ ಶಾಸ್ತ್ರ. ಇಬ್ಬರೂ ಷಡ್ಡಕರನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆಯಿಟ್ಟರು. ಅದಕ್ಕೆ ಮುಂಚೆ ಅತ್ತೆ ಇಬ್ಬರ ವಾಚನ್ನೂ ಬಿಚ್ಚಿಸಿ ಒಂದೇ ತಟ್ಟೆಯಲ್ಲಿಟ್ಟರು. ನಾನು ಮೊದಲ ಬಾರಿ ಅಸಲಿಯ ಪಕ್ಕ ಮಲಗಿದೆ.

"ನೀನು ಯಾರು ಅಂತ ಗೊತ್ತಾಯಿತು" ಎಂದ ಅವನು ಮೆಲ್ಲಗೆ. "ತುಂಬಿದ ಕೊಡ ತುಳುಕುವುದಿಲ್ಲ, ತಮ್ಮಾ."

"ಖಾಲಿ ಕೊಡಾನೂ ತುಳುಕೋದಿಲ್ಲ, ಅಣ್ಣಾ" ಎಂದೆ ನಾನು. ಬಾಯಿಗೇನೋ ಬಂತು, ಆದರೆ ಒಳಗೊಳಗೇ ನಡುಗುತ್ತಿದ್ದೆ.

ಏಕೆಂದರೆ ತಟ್ಟೆಯ ಹತ್ತಿರ ಚನ್ನವೀರಪ್ಪನವರು ಬಂದು ನಿಂತಿದ್ದರು. ಷಡಕ್ಷರಪ್ಪನವರ ದಾಯಾದಿ. ಕೊಬ್ಬರಿ ವ್ಯಾಪಾರಕ್ಕೆಂದು ಮುಂಬೈ, ದಿಲ್ಲಿ ಸುತ್ತಿ ಬಂದವರು. ಫಾರಿನ್ ಸಾಮಾನೆಂದರೆ ತೀರ್ಪು ಕೊಡುವುದು ಅವರೇ. ಕನ್ನಡಕ ಏರಿಸಿ ನಮ್ಮಿಬ್ಬರನ್ನೂ ಎರಡು ಅಂಗೈಯಲ್ಲಿಟ್ಟುಕೊಂಡು ಮುಳ್ಳು ನೋಡಿದರು, ತೂಕ ನೋಡಿದರು. ಆಮೇಲೆ ಮನೆಯವರೆಲ್ಲ ಕೇಳುವಂತೆ ಹೇಳಿದರು:

"ಷಡಕ್ಷರಿ, ಇವೆರಡೂ ಒಂದೇ ಅಲ್ಲ ಕಣಯ್ಯ. ಒಂದು ಒರಿಜಿನಲ್ಲು, ಒಂದು ಡೂಪ್ಲಿಕೇಟು."

ಷಡಕ್ಷರಪ್ಪನವರ ಮುಖ ಸಪ್ಪಗಾಯಿತು. ಊರಿಗೆಲ್ಲ ಸಾರಿಕೊಂಡು ತಂದ ವಾಚು! "ಯಾ... ಯಾವುದು ಡೂಪ್ಲಿಕೇಟು?" ಎಂದರು. ಹಾಲೇಶಪ್ಪನವರು ಮಣೆಯಿಂದ ಅರ್ಧ ಎದ್ದಿದ್ದರು.

"ನಂದು, ಮಾವ" ಎಂದಿತು ಇನ್ನೊಂದು ದನಿ.

ರುದ್ರಮುನಿಯವರು. ಹಣೆಯ ಮೇಲೆ ಎಣ್ಣೆ ಇಳಿಯುತ್ತಿತ್ತು. ಒಂದು ಕಣ್ಣು ಮುಚ್ಚಿಕೊಂಡೇ ಮಾತಾಡಿದರು. "ಸಿಂಗಪುರದಲ್ಲಿ ಯಾವನೋ ಟೋಪಿ ಹಾಕಿದ. ಬೇಕಾದ್ರೆ ಅಲ್ಲಾಡಿಸಿ ನೋಡಿ. ಅಣ್ಣನ ವಾಚಲ್ಲಿ ಮಷೀನು ತಿರುಗೋದು ಕೇಳುತ್ತೆ. ನಂದ್ರಲ್ಲಿ ಏನೂ ಇಲ್ಲ."

ಷಡಕ್ಷರಪ್ಪನವರು ಹಾರಿ ಬಂದು ನನ್ನನ್ನು ಕಿತ್ತುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. ನಾನೋ, ಹುಟ್ಟಿದಾಗಿನಿಂದ ಎಂದೂ ಮಾಡದಷ್ಟು ಜೋರಾಗಿ ಗರಗರ ಎಂದೆ. ಆಮೇಲೆ ಅಸಲಿಯನ್ನು ಅಲ್ಲಾಡಿಸಿದರು. ಪಾಪ, ಅವನು ತುಂಬಿದ ಕೊಡ.

"ಕೇಳುದ್ಯಾ ಚನ್ನವೀರ? ಕೇಳುದ್ಯಾ?" ಷಡಕ್ಷರಪ್ಪನವರಿಗೆ ಹೋದ ಜೀವ ಬಂದಿತ್ತು.

"ನಾನೂ ಅದನ್ನೇ ಹೇಳೋನಿದ್ದೆ" ಎಂದು ಚನ್ನವೀರಪ್ಪನವರು ಕನ್ನಡಕ ಒರೆಸಿಕೊಂಡರು.

ಸ್ನಾನವಾದ ಮೇಲೆ ಬಚ್ಚಲಿನ ಹತ್ತಿರ ಹಾಲೇಶಪ್ಪನವರು ಷಡ್ಡಕನ ಕೈ ಹಿಡಿದುಕೊಂಡರಂತೆ. "ಯಾಕ್ರೀ ಹಾಗಂದ್ರಿ? ನಿಮ್ಮದು ಅಸಲಿ ಅಂತ ನನಗೆ ಗೊತ್ತು."

"ಇರಲಿ ಬಿಡಣ್ಣ. ವಾಚಿನ ಮರ್ಯಾದೆ ಹೋದ್ರೆ ವಾಚಿಗೇನಾಗುತ್ತೆ? ಹಬ್ಬದ ದಿನ ಮಾವಂದು ಹೋಗಬಾರದಲ್ಲ."

ಆಗ ನಾನಿನ್ನೂ ಮಾವನ ಕೈಯಲ್ಲೇ ಇದ್ದೆ; ರುದ್ರಮುನಿಯವರ ಕೈ ಸೇರಿದ್ದ ಅಸಲಿಯೇ ಇದನ್ನು ನನಗೆ ಆಮೇಲೆ ಹೇಳಿದ. ಮೊದಲು ಬಹಳ ಮುನಿಸಿಕೊಂಡಿದ್ದ. ಕೊನೆಗೆ, "ಒಳ್ಳೇ ಮನುಷ್ಯನ ಕೈ ಸೇರಿದ್ದೇನೆ ಕಣೋ" ಎಂದು ಅವನೂ ನಕ್ಕುಬಿಟ್ಟ.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಷಡಕ್ಷರಪ್ಪನವರಿಗೆ ಊಟ ಸೇರದಾಯಿತು. ದೊಡ್ಡ ಅಳಿಯ ಸ್ವಿಸ್ ಕಟ್ಟುವಾಗ ಚಿಕ್ಕ ಅಳಿಯ ಡೂಪ್ಲಿಕೇಟ್ ಕಟ್ಟುವುದೇ? ಅದೂ ಅಂಥ ಸಾಧು ಹುಡುಗ? ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಮಾಡಿದಂತಲ್ಲವೇ? ಮತ್ತೆ ಬೆಂಗಳೂರಿನ ಅದೇ ಗಲ್ಲಿಗೆ ಹೋದರು. ಅಂಗಡಿಯಲ್ಲಿದ್ದ ಎಲ್ಲ ವಾಚುಗಳನ್ನೂ ಅಲ್ಲಾಡಿಸಿ, ನನಗಿಂತಲೂ ಜೋರಾಗಿ ಗರಗರ ಎನ್ನುವ ನನ್ನ ತಮ್ಮನನ್ನು ಆರಿಸಿ ತಂದರು. ಯುಗಾದಿಯ ದಿನ ದೇವರ ಮುಂದೆ ತಾವೇ ಅದನ್ನು ರುದ್ರಮುನಿಯವರ ಕೈಗೆ ಕಟ್ಟಿದರು.

"ಇನ್ನು ಆ ಡೂಪ್ಲಿಕೇಟ್ ಬಿಸಾಕಿ ಅಳಿಯಂದ್ರೇ."

ರುದ್ರಮುನಿಯವರು ತಮ್ಮ ಹಳೆಯ ವಾಚನ್ನು ಒಂದು ಕ್ಷಣ ಅಂಗೈಯಲ್ಲಿ ಹಿಡಿದು ನೋಡಿದರು. ಆಮೇಲೆ ಮಾವನ ಕೈಗೇ ಕಟ್ಟಿದರು. "ಬಿಸಾಕೋದ್ಯಾಕೆ ಮಾವ? ಗಿರಣಿಗೆ ನೀವೇ ಕಟ್ಕೊಂಡು ಹೋಗಿ. ಹಿಟ್ಟು ಬಿದ್ರೂ ಚಿಂತೆಯಿಲ್ಲ."

ಹಾಲೇಶಪ್ಪನವರು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಓಡಿದರು. ಅಲ್ಲಿ ಅವರು ನಕ್ಕಿದ್ದನ್ನೂ ಕಣ್ಣೊರೆಸಿಕೊಂಡದ್ದನ್ನೂ ಅವರ ಕೈಯಲ್ಲಿದ್ದ ನಾನು ಕಂಡಿದ್ದೇನೆ.

ಈಗ ನನಗೆ ವಯಸ್ಸಾಗಿದೆ. ಮೈಯ ಮೆರುಗು ಹೋಗಿ ಹಿತ್ತಾಳೆ ಕಾಣುತ್ತಿದೆ. ಬೆನ್ನಿನ ತೂಕ ಸವೆದು ಕಳಚಿಕೊಂಡಿದೆ. ಒಂದು ದಿನ ಖೋಖೋ ಆಟದ ನಡುವೆಯೇ ನಿಂತೆ, ಮತ್ತೆ ಹೊರಡಲಿಲ್ಲ. ಮೇಷ್ಟ್ರ ಮೇಜಿನ ಡ್ರಾಯರಿನಲ್ಲಿ ಹಳೆಯ ಸೀಟಿಗಳ ನಡುವೆ ಆರಾಮವಾಗಿದ್ದೇನೆ. ಸ್ವಿಸ್ ಮಷೀನು ಹೆಚ್ಚೋ ಏಷ್ಯಾದ್ದು ಹೆಚ್ಚೋ ಎಂದು ಯಾರಾದರೂ ಕೇಳಿದರೆ, ಓಟದಲ್ಲಿ ಅವನೇ ಮೇಲು ಎಂದು ನಾಚಿಕೆಯಿಲ್ಲದೆ ಒಪ್ಪುತ್ತೇನೆ. ಆದರೆ ನಾನು ಉಂಡ ಪ್ರೀತಿಗೆ ಯಾವ ಕೊರತೆಯೂ ಇಲ್ಲ.

ಮಾವ ಬಂದಾಗಲೆಲ್ಲ ಹಾಲೇಶಪ್ಪನವರು ನನ್ನನ್ನು ಹೊರತೆಗೆದು ಕಟ್ಟಿಕೊಳ್ಳುತ್ತಾರೆ. ಮೊನ್ನೆಯೂ ಕಟ್ಟಿಕೊಂಡರು. ಷಡಕ್ಷರಪ್ಪನವರಿಗೆ ತಲೆ ಪೂರಾ ನರೆತಿದೆ. ನಿಂತ ನನ್ನ ಮುಳ್ಳನ್ನು ನೋಡಿ ಮರುಗಿದರು. ಆಮೇಲೆ ತಮ್ಮ ಕೈ ಮುಂದೆ ಚಾಚಿದರು. ಅಲ್ಲಿ ಅಸಲಿ, ಪಟ್ಟಿಯ ಸಂದಿಯಲ್ಲೆಲ್ಲ ರಾಗಿ ಹಿಟ್ಟು ಮೆತ್ತಿಕೊಂಡು, ಎಂದಿನಂತೆ ಸದ್ದಿಲ್ಲದೆ ಓಡುತ್ತಿದ್ದ.

"ಎಷ್ಟೇ ಆಗ್ಲಿ ಒರಿಜಿನಲ್ಲು ನಾಜೂಕು ಅಳಿಯಂದ್ರೇ, ತಡಿಯಲ್ಲ. ನಂದು ನೋಡಿ, ಡೂಪ್ಲಿಕೇಟು. ಇನ್ನೂ ಹೆಂಗೆ ಓಡ್ತಾ ಐತೆ!"

"ಹೌದು ಮಾವ" ಎಂದರು ಹಾಲೇಶಪ್ಪನವರು.