ಮಗ್ಗುಲು ಬದಲಾದ ನಕ್ಷೆ

ಆ ನಿಂತ ಕಲ್ಲುಗಳ ಸಾಲಿನ ಬಗ್ಗೆ ವಿದ್ವಾಂಸರು ಹೇಳದೆ ಬಿಟ್ಟಿದ್ದೇನೂ ಇರಲಿಲ್ಲ. ಮೊದಲು ಬಂದವರು ರಾಕ್ಷಸರ ಗೋರಿ ಎಂದರು. ಎರಡನೆಯವರು ಸೂರ್ಯನ ಪೀಠ ಎಂದು ಇನ್ನೂರು ಪುಟ ಗೀಚಿದರು. ಈಗಿನ ಪ್ರೊಫೆಸರದು ಮೂರನೆಯ ವಾದ: ಪಶ್ಚಿಮದಿಂದ ಇಳಿಜಾರು ತೋಡಿ, ಕಲ್ಲು ಜಾರಿಸಿ ನಿಲ್ಲಿಸಿದ್ದಾರೆ, ಹಾಗಾಗಿ ಆ ಕಡೆ ಮಣ್ಣು ಸಡಿಲ, ಪೂರ್ವದ ಕಡೆ ಗಟ್ಟಿ. ಇದಕ್ಕೆಲ್ಲ ಆಧಾರ, ಮೊದಲ ವಿದ್ವಾಂಸರು ಮಣ್ಣು ಕೆದಕಿ ನೋಡಿ ಬರೆದಿಟ್ಟ ಹಳೆಯ ನಕ್ಷೆ. ಪ್ರೊಫೆಸರ ಪುಸ್ತಕಕ್ಕೆಂದು ಅದನ್ನು ನಕಲು ಮಾಡಿದವಳು ಕಚೇರಿಯ ನಕ್ಷೆಗಾರ್ತಿ.

ಅವತ್ತು ಬೆಳಿಗ್ಗೆ ಮೂಲ ಹಾಳೆಯನ್ನು ಕಪಾಟಿಗೆ ಸೇರಿಸುವಾಗ ಅವಳ ಬೆರಳಿಗೆ ಲೇಖನಿ ಒತ್ತಿದ ಗೀರು ತಾಕಿತು. ಎಣ್ಣೆ ಕುಡಿದ ತೆಳು ಹಾಳೆ. ಗೆರೆಗಳು ಎರಡೂ ಕಡೆ ಒಂದೇ ಥರ, ಅಕ್ಷರ ಒಂದೂ ಇಲ್ಲ. ಆದರೆ ಗೀರು ಇದ್ದದ್ದು ಅವಳು ಹಿಂಬದಿ ಎಂದುಕೊಂಡಿದ್ದ ಮಗ್ಗುಲಲ್ಲಿ. ಅಂದರೆ ನಕ್ಷೆ ಬರೆದದ್ದೇ ಆ ಕಡೆ. ಅಯ್ಯೋ ದೇವರೇ! ಹಾಳೆ ಮಗುಚಿಟ್ಟು ನಕಲು ಮಾಡಿದ್ದಳು. ಪೂರ್ವ ಪಶ್ಚಿಮವಾಗಿತ್ತು.

ಅವಳ ಗಂಡ, ಅಗೆತದ ಮೇಸ್ತ್ರಿ, ಆ ಹೊತ್ತಿಗೆ ಎಲ್ಲಕ್ಕಿಂತ ದೊಡ್ಡ ಕಲ್ಲಿನ ಪೂರ್ವದ ಬುಡದಲ್ಲಿ, ಗಟ್ಟಿ ನೆಲವೆಂದು ನಂಬಿ, ಗುಂಡಿ ತೋಡುತ್ತಿದ್ದ.

ಚಪ್ಪಲಿ ಎಲ್ಲಿ ಬಿತ್ತೋ, ಓಡಿದಳು. ಗುಂಡಿ ಎದೆಮಟ್ಟವಾಗಿತ್ತು. ಕಲ್ಲು ನೆತ್ತಿಯ ಮೇಲೆ ನಿಂತಿತ್ತು.

"ರೀ, ಮೇಲೆ ಬನ್ರೀ! ಕೈ ಮುಗಿದೆ, ಬೇಗ ಬನ್ರೀ!"

"ಏನಮ್ಮ ಇದು, ಬೆಳಿಗ್ಗೆ ಬೆಳಿಗ್ಗೆ ರಂಪ?" ಎಂದರು ದಡದಲ್ಲಿದ್ದ ಪ್ರೊಫೆಸರು.

"ನಕ್ಷೆ ತಪ್ಪು ಸಾರ್. ಹಾಳೆ ಮಗುಚಿ ಬರೆದುಬಿಟ್ಟೆ. ಸಡಿಲ ಮಣ್ಣು ಇರೋದು ಈ ಕಡೆನೇ."

ತನ್ನ ಕೆಲಸ ಹೋಯಿತೆಂದು ಹೇಳುವಾಗಲೇ ಅವಳಿಗೆ ಗೊತ್ತಿತ್ತು. ಹೋಗಲಿ, ಹಾಳಾಗಲಿ.

"ಪುಸ್ತಕ ಅಚ್ಚಾಗಿದೆ ಕಣಮ್ಮ," ಪ್ರೊಫೆಸರ ಮುಖ ಕೆಂಪಾಯಿತು. "ಇವತ್ತು ಬಂದು ಮಗುಚಿದೆ ಅಂದ್ರೆ? ಮೇಸ್ತ್ರಿ, ನೀನು ಅಗಿ."

ಗಂಡ ನಕ್ಕ. "ಇವಳೊಬ್ಬಳು ಸಾರ್, ಜಿರಳೆಗೂ ಹೆದರ್ತಾಳೆ." ಹಾಗೆನ್ನುತ್ತಲೇ ಹಾರೆಯನ್ನು ಕಲ್ಲಿನ ಬುಡದ ಮಣ್ಣಿಗೆ ಸುಮ್ಮನೆ ಒತ್ತಿ ನೋಡಿದ. ಹಾರೆ ಸಲೀಸಾಗಿ ಮೊಳದುದ್ದ ಒಳಗೆ ಹೋಯಿತು. ಅವನ ನಗು ಅಲ್ಲೇ ಇಂಗಿತು. ಹಾರೆ ಕೀಳುವ ಧೈರ್ಯವೂ ಅವನಿಗಾಗಲಿಲ್ಲ. ಉಸಿರು ಬಿಗಿಹಿಡಿದು ಒಂದೊಂದೇ ಹೆಜ್ಜೆ ಮೇಲೆ ಬಂದ. ಅವಳು ಅವನ ತೋಳನ್ನು ಉಗುರು ಊರುವಂತೆ ಹಿಡಿದುಕೊಂಡಳು.

"ಗಟ್ಟಿ ಅಂತೀರಲ್ಲ ಸಾರ್," ಎಂದು ಅವನು ದಡದ ಮೇಲಿದ್ದ ಗುದ್ದಲಿ ಎತ್ತಿ ಚಾಚಿದ, "ನೀವೇ ಇಳಿದು ಎರಡೇಟು ಹಾಕಿ."

ಪ್ರೊಫೆಸರು ಕಲ್ಲನ್ನು ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದರು.

"ಇವತ್ತಿಗೆ ಸಾಕು," ಎಂದರು. "ನಾಳೆ ಬೇರೆ ಮೇಸ್ತ್ರಿನ ಕರೆಸ್ತೀನಿ."

ಗಂಡ ಕೈಗೆ ಸಿಕ್ಕಿದ್ದ. ಆದರೂ ಅವಳ ಕಣ್ಣು ಗುಂಡಿಯ ಮೇಲೇ ಇತ್ತು. ನಾಳೆ ಇಳಿಯುವವನಿಗೂ ಒಬ್ಬಳು ಹೆಂಡತಿ ಇರುತ್ತಾಳೆ, ಅವಳಿಗೆ ಹೇಳುವವರು ಯಾರು?